ಮೊರದಲ್ಲಿ ಉಳಿದ ಕಲ್ಲು

ಅಡಿವೆಯ್ಯ ಕುಡಿದ ಮರುದಿನ ಬೆಳಿಗ್ಗೆ ಅವನ ಹೆಂಡತಿ ಈರಕ್ಕ ಅವನ ಮುಂದೆ ಅಕ್ಕಿಯ ಮೊರ ಇಡುತ್ತಿದ್ದಳು. ಅವನೂ ನಾನೂ ದಾಂಡೇಲಿಯ ಕಟ್ಟಿಗೆ ಅಡ್ಡೆಯೊಂದರಲ್ಲಿ ಲಾರಿಯಿಂದ ದಿಮ್ಮಿ ಇಳಿಸುವವರು. ಗೇಟಿನಲ್ಲಿ ಕೂಲಿಗಳ ಮೇಲ್ವಿಚಾರಕ ಮುಕಾದಮ ಬಾಯಿ ಮೂಸಿ ಒಳಗೆ ಬಿಡುತ್ತಿದ್ದ. ಈರಕ್ಕನಿಗೆ ಆ ಪರೀಕ್ಷೆ ಸಾಲದು.

"ವಾಸನಿ ಹೋಗೇತಿ, ಲಕ್ಷ್ಯ ಬಂದೈತೇನು? ಕಲ್ಲ ಆರಿಸು."

"ತಲಿ ನೋಯವಲ್ದು, ಕೈ ನಡಗವಲ್ದು. ಇನ್ನೇನ ಬೇಕ ನಿನಗ, ಮುಕಾದಮನ ಅವ್ವಾ?"

ಬಸ್ಸಿನ ಹಾರ್ನಿಗೆ ಅವನ ಕತ್ತು ಬಾಗಿಲಿಗೆ, ಪಕ್ಕದ ಮನೆಯ ಕುಕ್ಕರಿನ ಸೀಟಿಗೆ ಗೋಡೆಗೆ ತಿರುಗುತ್ತಿತ್ತು. ಕಲ್ಲು ಮೊರದಲ್ಲೇ ಉಳಿಯುತ್ತಿತ್ತು. ಕರೆಯಲು ಹೋದ ನನಗೆ ಈರಕ್ಕ ಅವನ ಬುತ್ತಿ ಕೊಡುತ್ತಿದ್ದಳು: "ನೀವ ಉಣ್ರಿ. ನಿಮ್ಮ ದೋಸ್ತ ಇವತ್ತ ಮನ್ಯಾಗ ಇರ್ತಾನ."

ಈ ಮಾರ್ಚಿನಲ್ಲಿ ಅವಳು ಮುಂಡಗೋಡದ ತವರಿಗೆ ಹೋದಳು. ಅವಳಿಲ್ಲದ ಒಂದು ಬೆಳಿಗ್ಗೆ, ಹಿಂದಿನ ಸಂಜೆ ಕುಡಿದಿದ್ದ ಅಡಿವೆಯ್ಯನನ್ನು ಮುಕಾದಮ ಮೂಸಿ ಒಳಗೆ ಬಿಟ್ಟ. ಲಾರಿಯ ಸರಪಳಿ ಬಿಚ್ಚಿದೆವು. ಮಂಗಟ್ಟೆ ಹಕ್ಕಿಯೊಂದು ರೆಕ್ಕೆ ಬಡಿಯುತ್ತ ಮೇಲೆ ಹಾರಿತು. ದಿನವೂ ಹಾರುವ ಹಕ್ಕಿ, ನಮ್ಮಲ್ಲಿ ಯಾರೂ ಕತ್ತೆತ್ತುವುದಿಲ್ಲ. ಅವನು ಎತ್ತಿದ. ದಿಮ್ಮಿ ಉರುಳಿತು. "ಸರಿಯೋ!" ಎಂದು ಕೂಗಿದೆ. ಸರಿಯುವ ಬದಲು ನನ್ನ ಕಡೆ ತಿರುಗಿ ನೋಡಿದ. ದಿಮ್ಮಿಯಡಿ ಸಿಕ್ಕು ಅಲ್ಲಿಯೇ ಸತ್ತ.

ದಿನಕರ್ಮ ಮುಗಿದ ಮೇಲೆ, ಮತ್ತೆ ಕೆಲಸಕ್ಕೆ ಹೊರಟ ಬೆಳಿಗ್ಗೆ ಈರಕ್ಕನನ್ನು ಮಾತಾಡಿಸಲು ಹೋದೆ. ಅವಳು ಮೊರ ತಂದು ನನ್ನ ಮುಂದಿಟ್ಟಳು. ನಾನು ಕುಡಿಯುವವನಲ್ಲ. ಆರಿಸತೊಡಗಿದೆ. ಎಲ್ಲೋ ಬಾಗಿಲು ಬಡಿಯಿತು, ತಿರುಗಿದೆ. ಕಾಗೆ ಕೂಗಿತು, ತಿರುಗಿದೆ. ಈರಕ್ಕ ಮೊರದೊಳಗೆ ಬೆರಳಾಡಿಸಿ ನಾನು ಬಿಟ್ಟಿದ್ದ ಒಂದು ಕಲ್ಲು ತೆಗೆದಳು.

"ಇವತ್ತ ಹೋಗಬ್ಯಾಡ್ರಿ," ಎಂದಳು.