ಟೊಂಗೆ ಬೇಡುವ ಉಚ್ಚೆಂಗೆಮ್ಮ

ನಿಟ್ಟುವಳ್ಳಿಯ ಉಚ್ಚೆಂಗೆಮ್ಮನ ಹಿತ್ತಿಲು ಎರಡು ಮಂಚ ಹಾಕಿದರೆ ತುಂಬಿಹೋಗುವಷ್ಟು ಚಿಕ್ಕದು. ದುಡ್ಡು ಕೊಟ್ಟು ಸಸಿ ತರುವುದೆಂದರೆ ಆಕೆಗೆ ಅವಮಾನ. ಎಂ.ಸಿ.ಸಿ. ಬಡಾವಣೆಯ ಗೇಟುಗಳ ಮುಂದೆ ನಿಂತು, "ಒಂದು ಟೊಂಗೆ ಮುರ್ಕೊಡ್ರಿ, ನಿಮ್ಮ ಹೆಸರು ಹೇಳಿ ಬೆಳೆಸ್ತೀನಿ" ಎಂದು ನುಗ್ಗೆಯನ್ನೂ ದಾಸವಾಳವನ್ನೂ ಗಿಟ್ಟಿಸುತ್ತಾಳೆ. ಯಾರಾದರೂ ಹಲಸಿನ ಸಸಿ ಕೊಡಬಂದರೆ, "ಬ್ಯಾಡ್ರಿ, ಅದು ಬೆಳೆದ್ರೆ ನಾವು ಬೀದ್ಯಾಗೆ ಮಲಗಬೇಕಾಗ್ತೈತೆ" ಎನ್ನುತ್ತಾಳೆ. ಹೊಸ ಸೊಸೆ ಸ್ವಾತಿ ಒಂದು ಬೆಳಗ್ಗೆ ಹರಿಹರದ ತವರುಮನೆಯ ಪಾರಿಜಾತವನ್ನು ನೆನೆದು ಕಣ್ಣೊರೆಸಿಕೊಂಡಳು. ಅತ್ತೆ ಬಸ್ಸು ಹತ್ತಿ ನರ್ಸರಿಗೆ ಹೋಗಿ, ಚೌಕಾಸಿಯನ್ನೂ ಮಾಡದೆ ಪಾರಿಜಾತದ ಸಸಿ ಕೊಂಡು, ಮಗುವಿನಂತೆ ಮಡಿಲಲ್ಲಿಟ್ಟುಕೊಂಡು ಬಂದಳು. ಸೊಸೆಯ ಕೈಯಲ್ಲೇ ನೆಡಿಸಿ ಹೇಳಿದಳು: "ಇದು ಹೂ ಬಿಡೋತನಕ, ಅಲ್ಲಿ ಹೂ ಆರಿಸೋಕೆ ತಿಂಗಳಿಗೊಮ್ಮೆ ತವರಿಗೆ ಹೋಗಿ ಬಾ, ಮಗಳೇ."