ಮುಟ್ಟಬಾರದ ಲಿಂಬೆಹಣ್ಣು

ನಮ್ಮ ಪಿಕಪ್ ಗಾಡಿಯ ಸ್ಟೀರಿಂಗ್ ಹಿಂದೆ ಕಡಲೆಕಾಳಿನಷ್ಟು ದೊಡ್ಡ ಕೆಂಪು ದೀಪವೊಂದಿದೆ. ಬ್ಯಾಟರಿಗೆ ಚಾರ್ಜ್ ಹೋಗದಿದ್ದಾಗ ಹೊತ್ತಿಕೊಳ್ಳುವುದು ಅದರ ಏಕೈಕ ಕರ್ತವ್ಯ. ಆದರೆ ದೀಪ ಮಹಾ ಸಂಕೋಚದ್ದು. ನಾನೊಬ್ಬಳೇ ಇಂಡಿಯಿಂದ ಲಿಂಬೆಹಣ್ಣು ಹೇರಿಕೊಂಡು ಮುದ್ದೇಬಿಹಾಳಕ್ಕೋ ಬಸವನ ಬಾಗೇವಾಡಿಗೋ ಹೊರಟಾಗ ಹೊತ್ತುತ್ತಿತ್ತು, ನೋಡಲು ನಾಲ್ಕು ಜನ ಸೇರಿದರೆ ಆರಿಬಿಡುತ್ತಿತ್ತು. ಡಾಕ್ಟರರ ಮುಂದೆ ಕುಳಿತೊಡನೆ ಮಾಯವಾಗುವ ಹೊಟ್ಟೆನೋವು ನಿಮಗೂ ಬಂದಿದ್ದರೆ, ಸ್ನೇಹಿತರೇ, ನನ್ನ ಸಂಕಟವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಂಡಿಯಲ್ಲಿ ಲಿಂಬೆಗೆ ಬರ ಬಂದರೂ ಬಂದೀತು, ಸಲಹೆಗೆ ಬರವಿಲ್ಲ. ಗಾಡಿ ನಡುದಾರಿಯಲ್ಲಿ ನಿಂತು, ಸೆಲ್ಫ್ ಹೊಡೆದರೆ ‘ಕಟ್’ ಎಂದು ಸುಮ್ಮನಾದಾಗ, ನೂಕಲು ಬಂದ ಪ್ರತಿಯೊಬ್ಬ ಪುಣ್ಯಾತ್ಮನೂ ಕೈಗಿಂತ ಮೊದಲು ಬಾಯಿ ಹಾಕುತ್ತಿದ್ದ. “ಹೆಣ್ಣಮಕ್ಕಳ ಕಾಲು ಯಾವಾಗಲೂ ಕ್ಲಚ್ ಮ್ಯಾಲೇ ಇರ್ತೈತಿ, ಚಾರ್ಜ್ ಹೆಂಗ ಆಕ್ಕೈತಿ?” ಎಂದ ಒಬ್ಬ ಮಹಾಜ್ಞಾನಿ. ಕ್ಲಚ್ಚಿಗೂ ಬ್ಯಾಟರಿಗೂ ಇರುವ ಈ ಗುಪ್ತ ದಾಂಪತ್ಯ ಗಾಡಿ ಮಾಡಿದವರಿಗೂ ತಿಳಿದಿರಲಿಕ್ಕಿಲ್ಲ. ಗಂಡಸು ಓಡಿಸುವಾಗ ಕೆಟ್ಟರೆ ಗಾಡಿ ಕೆಟ್ಟಿತು ಎನ್ನುತ್ತಾರೆ. ಹೆಂಗಸು ಓಡಿಸುವಾಗ ಕೆಟ್ಟರೆ ಕಾಲವೇ ಕೆಟ್ಟಿತು ಎನ್ನುತ್ತಾರೆ.

ಆಲಮಟ್ಟಿಯ ಕಾಲುವೆ ಕಚೇರಿಯಲ್ಲಿ ಕೆಲಸ ಮಾಡಿ ವಾರಕ್ಕೊಮ್ಮೆ ಮನೆಗೆ ಬರುವ ನಮ್ಮ ಯಜಮಾನರು ಸಭ್ಯಸ್ಥರು, ಹಾಗೆಲ್ಲ ಆಡುವವರಲ್ಲ. ಒಂದು ರವಿವಾರ ಚಹಾ ಊದುತ್ತ, “ನಿನ್ನ ಚಲೋದಕ್ಕ ಹೇಳಾಕತ್ತೇನಿ. ಮೋರಟಗಿಯವರೊಬ್ಬರು ಗಾಡಿ ಖರೀದಿಗೆ ಕೇಳ್ಯಾರ, ಬರೂ ರವಿವಾರ ನೋಡಾಕ ಬರ್ತಾರ,” ಎಂದರು, ಅಷ್ಟೆ. ನಮ್ಮ ಚಲೋದಕ್ಕೆ ಹೇಳುವ ಮಾತುಗಳೆಲ್ಲ ನಮ್ಮ ಕೈಯಲ್ಲಿದ್ದುದನ್ನು ಕಸಿದುಕೊಂಡೇ ಏಕೆ ಮುಗಿಯುತ್ತವೋ ದೇವರೇ ಬಲ್ಲ. ಆ ಸ್ಟೀರಿಂಗ್ ಹಿಡಿದಂದಿನಿಂದ ನಾನು ಇವರ ಹೆಂಡತಿ, ಅವರ ಸೊಸೆ ಎಂಬುದರ ಜೊತೆಗೆ ಎಲ್ಲಿಗೋ ಹೊರಟವಳೂ ಆಗಿದ್ದೆ. ಗಾಡಿ ಹೋದರೆ ಅವಳೂ ಹೋಗುತ್ತಿದ್ದಳು.

ಮನೆಯಲ್ಲಿ ನನ್ನ ಪರವಾಗಿ ಬಿದ್ದದ್ದು ಒಂದೇ ಮತ, ಅತ್ತೆಯದು. “ನೀ ಹೊಡಿಯವಾ, ಮಾತಾಡೋರಿಗೆ ಮಾಡಾಕ ಬ್ಯಾರೆ ಉದ್ಯೋಗಿಲ್ಲ,” ಎಂದವರು ಅವರು. ಊರ ಕಣ್ಣು ತಾಗಬಾರದೆಂದು ಪ್ರತಿ ಅಮಾವಾಸ್ಯೆಗೆ ಲಿಂಬೆಹಣ್ಣು ಮೆಣಸಿನಕಾಯಿ ಪೋಣಿಸಿ ಬಂಪರಿಗೆ ಕಟ್ಟುತ್ತಿದ್ದವರೂ ಅವರೇ. ಒಮ್ಮೆ ಅದನ್ನು ಓಣಿಯ ಆಡೊಂದು ತಿಂದುಹಾಕಿತು, ಆಡಿಗೆಲ್ಲಿಯ ಶಾಸ್ತ್ರ! ಅಂದಿನಿಂದ ಹಣ್ಣು ಬಾನೆಟ್ಟಿನ ಒಳಗೆ ತೂಗತೊಡಗಿತು.

ಇನ್ನು ಸಿಂದಗಿಯ ಎಲೆಕ್ಟ್ರಿಷಿಯನ್ ರಾಜೇಸಾಬ. ತನ್ನ ಕೈಗುಣವನ್ನು ತಾನೇ ಹೊಗಳಿಕೊಳ್ಳುವುದರಲ್ಲಿ ಅವನು ನಿಸ್ಸೀಮ. ಮೊದಲು ಬ್ಯಾಟರಿ ಬದಲಿಸಿದ, ಆಮೇಲೆ ಬೆಲ್ಟ್ ಬಿಗಿದ, ಅದೂ ಸಾಲದೆಂದು ಬ್ಯಾಟರಿಗೆ ಚಾರ್ಜ್ ಕೊಡುವ ಡೈನಮೋ ಬಿಚ್ಚಿ ಅದರ ಸವೆದ ಕಾರ್ಬನ್ ತುಂಡು ಬದಲಿಸಿದ. ಪ್ರತಿ ಸಲವೂ ಮೀಟರ್ ಹಚ್ಚಿ, “ನೋಡ್ರಿ ಅಕ್ಕಾರ, ಹದಿನಾಲ್ಕ ವೋಲ್ಟ್ ಐತಿ, ಫಸ್ಟ್ ಕ್ಲಾಸ್ ಚಾರ್ಜ್ ಆಗಾಕತ್ತೈತಿ,” ಎನ್ನುತ್ತಿದ್ದ. ಸಿಂದಗಿ ದಾಟಿ ಮೊದಲ ತಗ್ಗಿಗೆ ಇಳಿದೊಡನೆ ದೀಪ ನನಗೆ ಕಣ್ಣು ಹೊಡೆಯುತ್ತಿತ್ತು. ಮೋರಟಗಿಯವರು ಬರುವ ಹಿಂದಿನ ದಿನ ನನ್ನ ತಲೆ ಕೆಟ್ಟಿತು. “ನಿಂತ ಗಾಡಿ ನೋಡಿದ್ದು ಸಾಕ್ ಬಿಡಪಾ. ಮ್ಯಾಲ ಹತ್ತು, ನಾ ಹೊಡಿತೇನಿ, ನೀ ಮೀಟರ್ ನೋಡು,” ಎಂದೆ.

ಬ್ಯಾಟರಿ ಆಯಿತು, ಡೈನಮೋ ಆಯಿತು, ಉಳಿದದ್ದು ಅವೆರಡರ ನಡುವಿನ ದಾರಿ. ರಾಜೇಸಾಬ ಉದ್ದನೆಯ ವಾಯರೊಂದನ್ನು ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದನ್ನು ಎಂಜಿನ್ನಿನ ಮೈಗೆ ಕಚ್ಚಿಸಿ, ಕಿಟಕಿಯಿಂದ ಒಳಗೆಳೆದುಕೊಂಡು ಕುಳಿತ. ಒಂದು ಕೈಯಲ್ಲಿ ಮೀಟರ್, ಹೆಂಗಸಿನ ಡ್ರೈವಿಂಗಿನ ಮೇಲಿನ ಅಪಾರ ವಿಶ್ವಾಸದಿಂದಾಗಿ ಇನ್ನೊಂದು ಕೈಯಲ್ಲಿ ಬಾಗಿಲು. ಮೈನಸ್ಸಿಗೂ ಎಂಜಿನ್ನಿಗೂ ನಡುವಿನ ಜೋಡಣೆ ಗಟ್ಟಿಯಾಗಿದ್ದರೆ ಮೀಟರಿನಲ್ಲಿ ಸೊನ್ನೆ ಇರಬೇಕು. ತಗ್ಗು ಬಂತು, ಅಂಕಿ ಜಿಗಿಯಿತು, ದೀಪ ಹೊತ್ತಿತು. “ನಿಲ್ಲಸ್ರಿ ಅಕ್ಕಾರ! ಅರ್ಥಿಂಗ್ ಹೋಗೈತ್ರಿ!” ಎಂದು ಕೂಗಿದ. ಜೀವನದಲ್ಲಿ ಮೊದಲ ಬಾರಿಗೆ ಆ ಕೆಂಪು ದೀಪ ಕಂಡು ನನಗೆ ಖುಷಿಯಾಯಿತು.

ಬಾನೆಟ್ ಎತ್ತಿದೆವು. ಅವೆರಡನ್ನು ಜೋಡಿಸುವ ಅರ್ಥಿಂಗ್ ವಾಯರನ್ನು ಬಿಗಿದ ಬೋಲ್ಟಿನ ನೇರ ಮೇಲೆ ಅತ್ತೆಯ ಲಿಂಬೆಹಣ್ಣು ಸುಕ್ಕುಗಟ್ಟಿ ತೂಗುತ್ತಿತ್ತು. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ತೊಟ್ಟಿಕ್ಕಿದ ಹುಳಿಗೆ ಬೋಲ್ಟಿನ ಸುತ್ತ ಹಸಿರು ಕಿಲುಬು ದಪ್ಪಗೆ ಕೂತಿತ್ತು. ರಾಜೇಸಾಬ ಹಿಂದೆ ಸರಿದ. “ಅದರ ಬುಡಕ ಐತ್ರಿ. ಆದ್ರ ದೃಷ್ಟಿಗೆ ಕಟ್ಟಿದ್ದು, ನಾ ಮುಟ್ಟಂಗಿಲ್ಲ. ಹಿಂದಿನ ಸಲಾನೂ ಮುಟ್ಟಿಲ್ಲ.” ಬ್ಯಾಟರಿ ತೆಗೆದವ, ಡೈನಮೋದ ಕರುಳು ಬಿಚ್ಚಿದವ, ಹಣ್ಣಿನ ಕೆಳಗೆ ಮಾತ್ರ ಇಣುಕಿರಲಿಲ್ಲ. ಅವನನ್ನೇನು ಅನ್ನಲಿ? ನಿಮ್ಮ ಮನೆಯಲ್ಲೂ, ನನ್ನ ಮನೆಯಲ್ಲೂ ಪ್ರೀತಿಯಿಂದ ಕಟ್ಟಿದ ಇಂಥದೊಂದು ಹಣ್ಣಿರುತ್ತದೆ. ಕೆಟ್ಟದ್ದು ಎಲ್ಲಿ ಎಂದು ಊರೆಲ್ಲ ಹುಡುಕುತ್ತೇವೆ, ಅದರ ಕೆಳಗೊಂದು ಬಿಟ್ಟು.

ಅಂಜಲಿಲ್ಲ ಎಂದರೆ ಸುಳ್ಳಾದೀತು. ದೇವರೇ ಎಂದು ಕಣ್ಣು ಮುಚ್ಚಿ ಹಣ್ಣನ್ನು ಕಿತ್ತೆ. ರಾಜೇಸಾಬ ಬೋಲ್ಟನ್ನು ಉಜ್ಜಿ ಬಿಗಿದ, “ನಾ ಮೊದಲ ಅಂದಿದ್ದೆ, ಸಣ್ಣದೇ ಇರ್ತೈತಿ ಅಂತ,” ಎಂದ. ಅಂದಿರಲಿಲ್ಲ. ಇಂಡಿಯವರೆಗೆ ಒಂದು ತಗ್ಗನ್ನೂ ತಪ್ಪಿಸದೆ ಬಂದೆ, ದೀಪ ಹೊತ್ತಲಿಲ್ಲ.

ಮನೆಯಲ್ಲಿ ಅತ್ತೆ ಹೊಸ ಹಣ್ಣು ಪೋಣಿಸುತ್ತ ಕುಳಿತಿದ್ದರು. ವಾಯರ್ ಸಡಿಲಾಗಿತ್ತು ಎಂದಷ್ಟೇ ಹೇಳಿ ಪಾರಾಗಬಹುದಿತ್ತು. ಆದರೆ ನನ್ನ ಪರ ನಿಂತ ಒಬ್ಬರಿಗೇ ಸುಳ್ಳು ಹೇಳಲು ಮನಸ್ಸು ಬರಲಿಲ್ಲ, ಇದ್ದದ್ದನ್ನು ಇದ್ದಂತೆ ಹೇಳಿದೆ. ಅವರ ಸೂಜಿ ನಿಂತಿತು.

“ಅಂದ್ರ ಇಷ್ಟ ದಿನಾ ನಿನ್ನ ಗಾಡಿ ನಿಂದ್ರಸಿದಾಕಿ ನಾನ?”

“ನೀವಲ್ರಿ ಅತ್ತಿ, ಹಣ್ಣಿನ ಹುಳಿ,” ಎಂದೆ. ಅವರು ಎದ್ದು ಒಳಗೆ ಹೋದರು. ರಾತ್ರಿ ಊಟಕ್ಕೂ ಸರಿಯಾಗಿ ಕೂಡಲಿಲ್ಲ.

ಮರುದಿನ ಮೋರಟಗಿಯವರು ಬಂದರು. ಯಜಮಾನರು ಕೀಲಿ ಹಿಡಿದೇ ನಿಂತಿದ್ದರು. ಅತ್ತೆ ಹೊರಗೆ ಬಂದು ಎಲ್ಲರ ಕೈಗೂ ಲಿಂಬೆ ಶರಬತ್ತು ಕೊಟ್ಟರು. ನಿನ್ನೆ ಪೋಣಿಸಿದ್ದ ಹಣ್ಣಿನದೇ. “ಕುಡೀರಿ, ಬಿಸಲಾಗ ಬಂದೀರಿ. ಗಾಡಿ ಮಾರೂದಿಲ್ಲ,” ಎಂದರು. ಮಗನ ಕೈಯಿಂದ ಕೀಲಿ ಕಸಿದು ನನಗೆ ಕೊಟ್ಟು, ಸೆರಗು ಬಿಗಿದು ಗಾಡಿಯ ಎಡಗಡೆ ಹತ್ತಿ ಕುಳಿತರು.

“ಹಣ್ಣು ಬ್ಯಾಡಂದ್ರ ನಾನ ಕುಂಡ್ರತೇನಿ. ನಡಿ, ಯಾರ ಕಣ್ಣು ಹಚ್ತಾರ ನೋಡೂಣು.”

ಬಾಗೇವಾಡಿಯ ದಾರಿಯುದ್ದಕ್ಕೂ, ಚಹಾದಂಗಡಿಯ ಕಟ್ಟೆಯ ಮೇಲಿನಿಂದ ಯಾರಾದರೂ ನಮ್ಮನ್ನು ದಿಟ್ಟಿಸಿದರೆ, ಅತ್ತೆ ಕಿಟಕಿಯಿಂದ ಮುಖ ಹೊರಹಾಕಿ ಅವರು ತಲೆ ತಗ್ಗಿಸುವವರೆಗೂ ದಿಟ್ಟಿಸುತ್ತಿದ್ದರು. ನಾನು ಅಭ್ಯಾಸಬಲದಿಂದ ಆಗಾಗ ಆ ಕೆಂಪು ದೀಪ ನೋಡಿದೆ. ಆರಿಯೇ ಇತ್ತು, ಅದೂ ಅವರಿಗೆ ಅಂಜಿರಬೇಕು.