ಒಂಬತ್ತನೇ ಫ್ರೇಮಿನ ಮುಖ

ಬಾಗಿಲು ದಾಟುವವರನ್ನು ಕಂಡರೆ ಅವಳಿಗೆ ಈಚೆಗೆ ಸಣ್ಣದೊಂದು ಅಳುಕು. ಅಕ್ಕ ಅಡುಗೆಮನೆಯಿಂದ ಹಜಾರಕ್ಕೆ ಬರುವಾಗ, ಹೊಸ್ತಿಲ ಆಚೆಗೊಂದು ಈಚೆಗೊಂದು ಕಾಲಿದ್ದ ಗಳಿಗೆಯಲ್ಲಿ, ಅಕ್ಕ ಅಲ್ಲಿಯೂ ಇಲ್ಲ, ಇಲ್ಲಿಯೂ ಇಲ್ಲ ಅನ್ನಿಸಿಬಿಡುತ್ತದೆ. ಆ ಗಳಿಗೆಯನ್ನು ಹಿಗ್ಗಿಸಿ ನೋಡಿದರೆ ಅಲ್ಲಿ ಅಕ್ಕನೇ ಇರುತ್ತಾಳೋ, ಇನ್ಯಾರಾದರೂ ಇರುತ್ತಾರೋ? ಇದನ್ನು ಯಾರ ಮುಂದೆಯೂ ಬಾಯಿಬಿಟ್ಟಿಲ್ಲ. ದಿನಚರಿಯಲ್ಲಿ ಮಾತ್ರ ಬರೆದುಕೊಂಡಿದ್ದಾಳೆ, ಅದೂ ಪೆನ್ಸಿಲ್ಲಿನಲ್ಲಿ.

ಬೆಳಗಿನ ಐದೂವರೆಗೆ ಕಚೇರಿಯ ಮೂರನೇ ಮಹಡಿಯಲ್ಲಿ ಅವಳೊಬ್ಬಳೇ. ದೀಪ ಹಾಕುವುದಿಲ್ಲ. ಉದ್ದನೆಯ ಮೇಜಿನ ಮೇಲೆ ಹನ್ನೊಂದು ಮೊಬೈಲುಗಳು ಸಾಲಾಗಿ ಮಲಗಿವೆ. ಒಂದರ ಗಾಜು ಸೀಳಿದೆ, ಇನ್ನೊಂದರ ಅಂಚಿನಲ್ಲಿ ಹಸಿರು ಗೆರೆ ಇಳಿದಿದೆ. ಒಂದೊಂದನ್ನೇ ಎಬ್ಬಿಸುತ್ತಾಳೆ. ಒಂದು ಪರದೆಯಿಂದ ಮುಂದಿನದಕ್ಕೆ ದಾಟಿಸುತ್ತಾಳೆ. ಹೊಸ ಪುಟ ಬಲಗಡೆಯಿಂದ ಜಾರಿ ಬರುತ್ತದೆ, ಹಳೆಯದು ತುಸು ಮಂಕಾಗಿ ಅದರ ಅಡಿಗೆ ಸರಿಯುತ್ತದೆ. ಹತ್ತು ಪಟ್ಟು ನಿಧಾನ ಮಾಡಿದರೆ ಹನ್ನೊಂದು ಪುಟಗಳೂ ಕತ್ತಲಲ್ಲಿ ಒಟ್ಟಿಗೆ ಮಗ್ಗುಲು ಬದಲಿಸಿದ ಹಾಗೆ ಕಾಣುತ್ತದೆ.

"ಈ ಹೊತ್ತಲ್ಲಿ ಫೋನುಗಳು ತಣ್ಣಗಿರ್ತವೆ. ಬಿಸಿಲೇರಿದ ಮೇಲೆ ಹಳೇವು ಕಾದು ಎಡವೋಕೆ ಶುರು ಮಾಡ್ತವೆ. ಆಗ ತಪ್ಪು ನಂದೋ ಅವುಗಳದ್ದೋ ಗೊತ್ತಾಗಲ್ಲ" ಎನ್ನುತ್ತಾಳೆ, ಇಷ್ಟು ಬೇಗ ಯಾಕೆ ಬರುತ್ತೀ ಎಂದು ಆಮೇಲೆ ಕೇಳಿದವರಿಗೆ. ಮಾತನಾಡುವಾಗ ಕಣ್ಣು ಎದುರಿನವರ ಮೇಲಿಲ್ಲ, ಫೋನಿನ ಮೇಲೆ.

ಕಚೇರಿಯಲ್ಲಿ ಅವಳಿಗೆ ಜಾರುಬಂಡಿ ಎಂಬ ಅಡ್ಡಹೆಸರು. ಪುಟಗಳನ್ನು ಜಾರಿಸುವುದೇ ಅವಳ ಕೆಲಸವಾದ್ದರಿಂದ ಯಾರೋ ಕರೆದರು, ಅಂಟಿಕೊಂಡಿತು. ಓದಿದ್ದು ಸಂಖ್ಯಾಶಾಸ್ತ್ರ. ಇದೇ ಕಚೇರಿಗೆ ಮೊದಲು ಬಂದದ್ದು ಅಂಕಿಅಂಶ ತುಂಬುವ ಕೆಲಸಕ್ಕೆ. ಎರಡು ವರ್ಷ ಯಾರೊಂದಿಗೂ ಹತ್ತು ಮಾತು ಆಡಿರಲಿಲ್ಲ. ನೋಟ್‌ಬುಕ್ಕಿನ ಮೂಲೆಯಲ್ಲಿ ಹಾಳೆಗೊಂದರಂತೆ ಬೆಕ್ಕು ಬರೆದು, ಹೆಬ್ಬೆರಳಿನಿಂದ ಹಾಳೆ ಸರಸರನೆ ಬಿಟ್ಟು ಅದನ್ನು ಓಡಿಸುತ್ತಿದ್ದಳು. ಮ್ಯಾನೇಜರ್ ಒಮ್ಮೆ ಬೆನ್ನ ಹಿಂದೆ ನಿಂತು ನೋಡಿದರು. ಮರುವಾರ ಅವಳ ಕುರ್ಚಿಯೂ ಕೆಲಸವೂ ಬದಲಾದವು.

ಅವಳಿರುವುದು ಅಕ್ಕ-ಭಾವನ ಮನೆಯಲ್ಲಿ. ಭಾವ ಬಸ್ ಓಡಿಸುವವರು, ನಾಲಿಗೆ ಸ್ವಲ್ಪ ಉದ್ದ. "ನಮ್ಮ ನಾದಿನಿ ಕೆಲಸ ಕಣ್ಣು ರೆಪ್ಪೆ ಹೊಡೆಯೋದ್ರೊಳಗೆ ಮುಗಿದೇ ಹೋಗುತ್ತೆ ಮಾರಾಯ್ರೆ. ಆದ್ರೂ ಪುಣ್ಯಾತ್ಮರು ತಿಂಗಳ ಪೂರ್ತಿ ಸಂಬಳ ಕೊಡ್ತಾರೆ" ಎಂದು ಬಂದವರಿಗೆಲ್ಲ ಹೇಳುತ್ತಾರೆ. ಅವಳೂ ನಗುತ್ತಾಳೆ. ಲೆಕ್ಕದಲ್ಲಿ ಭಾವ ಹೇಳುವುದು ಸರಿಯೇ. ಒಂದು ದಾಟುವಿಕೆಗೆ ಮುನ್ನೂರು ಮಿಲಿಸೆಕೆಂಡು, ಅಂದರೆ ಹದಿನೆಂಟು ಫ್ರೇಮು, ಹದಿನೆಂಟು ಬಿಡಿ ಚಿತ್ರ. ಒಂದೊಂದನ್ನೂ ನಿಲ್ಲಿಸಿ ನೋಡುತ್ತ ಕೂತು ಅವಳ ಕಣ್ಣು ಒಣಗಿದೆ. ಗಂಟೆಗಿಷ್ಟು ಸಲ ರೆಪ್ಪೆ ಬಡಿಯಲೇಬೇಕು ಎಂದು ಕಣ್ಣಿನ ಡಾಕ್ಟರು ಚೀಟಿ ಬರೆದುಕೊಟ್ಟಿದ್ದಾರೆ.

ಅವಳು ದುಡಿಯುವ ಆ್ಯಪ್ ಆಸ್ಪತ್ರೆ ಸೇರಿದವರ ಮನೆಯವರಿಗಾಗಿ ಇರುವಂಥದ್ದು. ತಮ್ಮವರು ಯಾವ ವಾರ್ಡಿನಲ್ಲಿದ್ದಾರೆ, ಜ್ವರ ಎಷ್ಟು, ಒಳಗೆ ಬಿಡುವ ಹೊತ್ತು ಯಾವುದು ಎಲ್ಲವೂ ಅದರಲ್ಲಿ ತಿಳಿಯುತ್ತದೆ. ಹೆಸರಿನ ಪಕ್ಕದ ದುಂಡನೆಯ ಜಾಗದಲ್ಲಿ ಮನೆಯವರೇ ಹಾಕಿದ ಫೋಟೋ. ದಿನಕ್ಕೆ ನಲವತ್ತು ಸಾವಿರ ಜನ, ಒಬ್ಬೊಬ್ಬರೂ ಸುಮಾರು ಇಪ್ಪತ್ತೈದು ಸಲ ಪುಟದಿಂದ ಪುಟಕ್ಕೆ ದಾಟುತ್ತಾರೆ. ಅವಳು ಒಮ್ಮೆ ಕೂಡಿಸಿ ನೋಡಿದ್ದಳು. ಪ್ರತಿ ದಿನವೂ ಜನರ ಆಯಸ್ಸಿನ ಮೂರೂವರೆ ದಿನ ಅವಳು ಕಟ್ಟಿದ ಈ ನಡುವಿನಲ್ಲಿ, ಎಲ್ಲಿಯೂ ಅಲ್ಲದ ಕಡೆ, ಕಳೆದುಹೋಗುತ್ತದೆ.

"ಆಸ್ಪತ್ರೇಲಿರೋರ ಮನೆ ಮಂದಿ ಅಲ್ವಾ, ಬೆಚ್ಚೋಕೆ ಸಿದ್ಧವಾಗೇ ಇರ್ತಾರೆ. ಪುಟ ದಡಕ್ಕಂತ ಬದಲಾದ್ರೂ ಎದೆ ಹಾರುತ್ತೆ ಅವರಿಗೆ. ಬಂದಿದ್ದೂ ಗೊತ್ತಾಗ್ಬಾರ್ದು, ಹೋಗಿದ್ದೂ ಗೊತ್ತಾಗ್ಬಾರ್ದು. ನನ್ನ ಕೆಲಸ ಯಾರ ಕಣ್ಣಿಗೂ ಬೀಳ್ಬಾರ್ದು, ಅಷ್ಟೇ ನನ್ನ ಆಸೆ."

ಆ ಆಸೆಯೇ ಅವಳಿಂದ ಒಂದು ತಪ್ಪು ಮಾಡಿಸಿತು. ಫೋಟೋ ಬರುವುದು ತಡವಾದಾಗ ದುಂಡನೆಯ ಜಾಗ ಬೂದು ಬಣ್ಣಕ್ಕೆ ತಿರುಗಿ ಖಾಲಿ ನಿಲ್ಲುತ್ತದೆ. ರೋಗಿಯ ಹೆಸರಿನ ಪಕ್ಕ ಖಾಲಿ ಜಾಗ ಇರಕೂಡದು ಎಂದು ಅವಳ ಹಟ. ಮುಂದಿನ ಮುಖ ಬರುವ ತನಕ ಅಲ್ಲಿ ಕೊನೆಗೆ ಇದ್ದ ಮುಖವನ್ನೇ ಖಾತೆಯಲ್ಲಿ ಹಿಡಿದಿಟ್ಟುಕೊ, ಆಮೇಲೆ ಮೆಲ್ಲಗೆ ಒಂದನ್ನು ಇನ್ನೊಂದರೊಳಕ್ಕೆ ಕರಗಿಸು ಎಂದು ಆ್ಯಪಿಗೆ ಕಲಿಸಿದಳು. ಎಲ್ಲರೂ ಮೆಚ್ಚಿದರು. ಪಟ್ಟಿಯಿಂದ ಒಬ್ಬರ ಹೆಸರೇ ಇಲ್ಲವಾದರೆ ಏನಾಗುತ್ತದೆ ಎಂದು ಅವಳಿಗೆ ಹೊಳೆಯಲಿಲ್ಲ, ಬೇರೆಯವರಿಗೂ ಹೊಳೆಯಲಿಲ್ಲ.

ಹತ್ತು ದಿನದ ಹಿಂದೆ ಸಹಾಯವಾಣಿಯಲ್ಲಿ ಕೂರುವ ದೊಡ್ಡಮ್ಮ ಅವಳ ಮೇಜಿನ ಬಳಿ ಬಂದರು. ಅವರು ಯಾರ ದೊಡ್ಡಮ್ಮನೂ ಅಲ್ಲ. ಕಚೇರಿಗೆಲ್ಲ ಹಿರಿಯರಾದ್ದರಿಂದ ಹಾಗೆ ಕರೆಯುತ್ತಾರೆ. "ಜಾರುಬಂಡಿ, ಇಲ್ಲಿ ಕೇಳೇ. ಒಬ್ಬಳು ಟೀಚರು ಮೂರು ಸಲ ಫೋನ್ ಮಾಡಿದ್ಲು. ಅಪ್ಪ ಅಮ್ಮ ಇಬ್ರೂ ಒಟ್ಟಿಗೇ ಅಡ್ಮಿಟ್ ಆಗಿದ್ರಂತೆ. ಅಮ್ಮ ತೀರಿಕೊಂಡ್ರು. ಈಗ ಅಪ್ಪನ ಪುಟ ತೆಗೆದಾಗೆಲ್ಲ ಅಮ್ಮ ಬಂದು ನೋಡಿ ಹೋಗ್ತಾಳೆ ಅಂತಾಳೆ. ಏನು ಹೇಳ್ಲಿ ನಾನು? ಸಂಕಟದಲ್ಲಿದ್ದಾಳೆ ಪಾಪ, ಏನೋ ಕಾಣುತ್ತೆ ಅಂತ ಸುಮ್ನಾದೆ."

ಜಾರುಬಂಡಿಗೆ ಸುಮ್ಮನಾಗಲು ಆಗಲಿಲ್ಲ. ತನ್ನ ಖಾತೆಯನ್ನು ತೆರೆದು ನೋಡಲು ಟೀಚರು ಒಪ್ಪಿಗೆ ಕೊಟ್ಟಿದ್ದಳು. ಅವಳದ್ದೇ ಮಾದರಿಯ ಹಳೆಯ ಫೋನು ಮೇಜಿನ ಮೇಲೆ ಏಳನೆಯದು. ಮೊನ್ನೆ ಬೆಳಗ್ಗೆ ಅದರಲ್ಲಿ ಆ ಖಾತೆ ತೆರೆದು, ನಿಧಾನ ಮಾಡಿ, ಒಂದೊಂದೇ ಫ್ರೇಮ್ ಬಿಟ್ಟಳು.

ಮೊದಲ ಫ್ರೇಮಿನಲ್ಲಿ ಅಪ್ಪನ ಹೆಸರಿತ್ತು, ಅದರ ಪಕ್ಕದಲ್ಲಿ ಅಮ್ಮ. ಕನ್ನಡಕ ಹಾಕಿಕೊಂಡು, ಯಾರೋ ನಗಿಸಿದ್ದಕ್ಕೆ ನಕ್ಕ ಹಾಗೆ. ಮೊದಲ ಸಾಲಿನಲ್ಲಿದ್ದ ಅಮ್ಮನ ಹೆಸರನ್ನು ಆಸ್ಪತ್ರೆ ತೆಗೆದುಹಾಕಿತ್ತು, ಅಪ್ಪ ಆ ಜಾಗಕ್ಕೆ ಸರಿದಿದ್ದರು. ದುಂಡನೆಯ ಜಾಗ ಮಾತ್ರ ಹಳೆಯ ಮುಖವನ್ನು ಬಿಟ್ಟಿರಲಿಲ್ಲ. ಆರನೇ ಫ್ರೇಮಿನವರೆಗೂ ಅಮ್ಮ ಪೂರ್ತಿ ಇದ್ದರು. ಏಳರಲ್ಲಿ ತುಟಿಯ ಮೇಲೆ ನರೆತ ಮೀಸೆಯ ನೆರಳು ಬಿತ್ತು. ಎಂಟರಲ್ಲಿ ಕನ್ನಡಕ ತೆಳುವಾಯಿತು. ಒಂಬತ್ತರಲ್ಲಿ ಕೈ ನಿಂತಿತು.

ಅಲ್ಲಿ ಇದ್ದದ್ದು ಅಮ್ಮನೂ ಅಲ್ಲ, ಅಪ್ಪನೂ ಅಲ್ಲ. ಇಬ್ಬರ ಹುಬ್ಬು, ಇಬ್ಬರ ಗಲ್ಲ ಸೇರಿ ಮೂರನೆಯ ಮುಖವೊಂದು ಅವಳನ್ನೇ ನೋಡುತ್ತಿತ್ತು. ಅವರಿಬ್ಬರಿಗಿಂತ ಚಿಕ್ಕ ವಯಸ್ಸು. ಯಾರೂ ತೆಗೆಯದ ಫೋಟೋ ಅದು. ಕಚೇರಿಯಲ್ಲಿ ಇನ್ನೂ ಬೆಳಕಾಗಿರಲಿಲ್ಲ. ಫೋನನ್ನು ಬೋರಲು ಹಾಕಿ, ನೀರಿನ ಯಂತ್ರದ ಬಳಿ ಹೋಗಿ, ಬಾಯಾರಿಕೆ ಇಲ್ಲದಿದ್ದರೂ ಎರಡು ಲೋಟ ನೀರು ಕುಡಿದಳು.

ಸರಿಪಡಿಸಲು ಇಪ್ಪತ್ತು ನಿಮಿಷವೂ ಹಿಡಿಯಲಿಲ್ಲ. ಹೇಳುವುದೇ ಕಷ್ಟವಾಯಿತು. ಮ್ಯಾನೇಜರ್ ಕೆಟ್ಟವರಲ್ಲ, ಆದರೆ ಹೆದರುವ ಆಸಾಮಿ. "ನೋಡಮ್ಮ, ಗುರುವಾರ ಬೆಳಗ್ಗೆ ಒಂಬತ್ತು ಗಂಟೆಗೆ ಹೊಸ ಆ್ಯಪ್ ಬಿಡ್ತೀವಿ. ಅದರ ಜೊತೆಗಿನ ಟಿಪ್ಪಣೀಲಿ ಸಣ್ಣಪುಟ್ಟ ದೋಷ ಸರಿಪಡಿಸಿದೆ ಅಂತ ಬರಿ, ಸಾಕು. ಸತ್ತವರ ಮುಖ ಬರ್ತಿತ್ತು ಅಂತ ಬರೆದ್ರೆ ಯಾವ ಆಸ್ಪತ್ರೆ ನಮ್ಮನ್ನ ಒಳಗೆ ಬಿಟ್ಟುಕೊಳ್ಳುತ್ತೆ?" ಎಂದರು. ಅವಳು ತಲೆಯಾಡಿಸಿದಳು. ತಲೆಯಾಡಿಸುವುದು ಅವಳಿಗೆ ಮೊದಲಿನಿಂದಲೂ ಸುಲಭ.

ನಿನ್ನೆ ದೊಡ್ಡಮ್ಮ ಇನ್ನೊಂದು ಸುದ್ದಿ ತಂದರು. ಟೀಚರಿಗೊಬ್ಬ ತಮ್ಮ ಇದ್ದಾನೆ, ಅಪ್ಪನನ್ನು ತನ್ನ ಊರಿಗೆ ಸಾಗಿಸಲು ನಿಂತಿದ್ದಾನೆ. ಇಲ್ಲದವರನ್ನು ಕಾಣುವ ಅಕ್ಕನ ಕೈಯಲ್ಲಿ ಕಾಯಿಲೆಯವರನ್ನು ಬಿಡುವುದು ಹೇಗೆ ಎಂದು ಅವನ ಮಾತು. ಹೊಸ ಆ್ಯಪ್ ಬಂದ ಕೂಡಲೇ ಆ ಮುಖ ಎಲ್ಲ ಫೋನುಗಳಿಂದಲೂ ಹೋಗಿಬಿಡುತ್ತದೆ. ಆಮೇಲೆ ಟೀಚರು ಯಾರಿಗೆ ಏನನ್ನು ತೋರಿಸಿಯಾಳು? ಜಾರುಬಂಡಿ ರಾತ್ರಿ ಊಟ ಅರ್ಧಕ್ಕೇ ಬಿಟ್ಟೆದ್ದಳು. "ಯಾಕೇ, ಉಪ್ಪು ಜಾಸ್ತಿ ಆಯ್ತಾ?" ಎಂದಳು ಅಕ್ಕ. ಇಲ್ಲ ಎಂದು ತಲೆಯಾಡಿಸಿದಳು.

ಇಂದು ಗುರುವಾರ. ಏಳನೇ ಫೋನಿನಲ್ಲಿ ಹೊಸ ಆ್ಯಪ್ ಹಾಕಿ ಎಷ್ಟು ಸಲ ತೆರೆದರೂ ಮೊದಲ ಫ್ರೇಮಿನಿಂದ ಹದಿನೆಂಟರವರೆಗೂ ಅಪ್ಪ ಒಬ್ಬರೇ. ಕೆಲಸ ಅಚ್ಚುಕಟ್ಟಾಗಿದೆ. ಹಳೆಯ ಆ್ಯಪಿನಲ್ಲೇ ಟೀಚರ ಖಾತೆ ತೆರೆದಿಟ್ಟಿರುವ ಎಂಟನೇ ಫೋನನ್ನು ಅವಳು ಇನ್ನೂ ಬದಲಿಸಿಲ್ಲ.

ಎಂಟೂಕಾಲಿಗೆ ಮ್ಯಾನೇಜರ್ ಬರುತ್ತಾರೆ, ಹಿಂದೆಯೇ ದೊಡ್ಡಮ್ಮ. ಎಂಟೂವರೆಗೆ ಗಾಜಿನ ಬಾಗಿಲಿನ ಆಚೆ ಒಬ್ಬ ಹೆಂಗಸು ಬಂದು ನಿಲ್ಲುತ್ತಾಳೆ. ಹೆಗಲಲ್ಲಿ ಚೀಲ, ಕೈಯಲ್ಲಿ ಫೋನು. ಜಾರುಬಂಡಿ ಅವಳನ್ನು ಹಿಂದೆಂದೂ ಕಂಡವಳಲ್ಲ. ಆದರೂ ಆ ಹುಬ್ಬು, ಆ ಗಲ್ಲ ಅವಳಿಗೆ ಗೊತ್ತು. ಒಂಬತ್ತನೇ ಫ್ರೇಮು ಬಾಗಿಲು ತಳ್ಳಿಕೊಂಡು ಒಳಗೆ ಬರುತ್ತಿದೆ.

"ಒಂದ್ಸಲ ಯಾರಾದ್ರೂ ನೋಡಿ ಹೇಳಿ ಸಾಕು. ಜಗಳಕ್ಕೆ ಬಂದಿಲ್ಲ ನಾನು" ಎನ್ನುತ್ತಾಳೆ ಟೀಚರು. ತರಗತಿಯಲ್ಲಿ ಎತ್ತರಿಸಿ ಅಭ್ಯಾಸವಾದ ದನಿ, ಈಗ ಕುಗ್ಗಿದೆ. "ತಮ್ಮ ಹತ್ತು ಗಂಟೆಗೆ ಅಪ್ಪನ್ನ ಕರ್ಕೊಂಡು ಹೋಗೋಕೆ ಬರ್ತಾನೆ. ತೋರಿಸಿದ್ರೆ ಅವನಿಗೆ ಕಾಣಲ್ಲ. ಕಣ್ಣು ಹೊಂದಿಸೋದ್ರೊಳಗೆ ಹೋಗ್ಬಿಡುತ್ತೆ. ಒಂದೊಂದ್ಸಲ ಅಮ್ಮ ಹೋಗುವಾಗ ನನ್ನದೇ ಮುಖ ಆಗಿ ಹೋಗ್ತಾಳೆ. ಅದನ್ನ ಅವನಿಗೆ ಹೇಳೇ ಇಲ್ಲ."

ಮ್ಯಾನೇಜರ್ ಕುರ್ಚಿ ಎಳೆದು ಕೊಡುತ್ತಾರೆ. "ಕೂತ್ಕೊಳ್ಳಿ ಮೇಡಂ. ನಾವೆಲ್ಲ ಪರೀಕ್ಷೆ ಮಾಡಿದೀವಿ. ಅಂಥದ್ದೇನೂ ಕಂಡಿಲ್ಲ. ದುಃಖದಲ್ಲಿರುವಾಗ ಮನಸ್ಸು—"

ಟೀಚರು ಕೂರುವುದಿಲ್ಲ. ಯಾರನ್ನೂ ಬೈಯುವುದೂ ಇಲ್ಲ. ಹೌದೇನೋ ಎಂಬಂತೆ ತಲೆಯಾಡಿಸುತ್ತಾಳೆ. ಫೋನನ್ನು ಚೀಲಕ್ಕೆ ಹಾಕಿಕೊಂಡು ಬಾಗಿಲ ಕಡೆ ತಿರುಗುತ್ತಾಳೆ. ಆ ತಲೆಯಾಡಿಸುವಿಕೆಯನ್ನು ಜಾರುಬಂಡಿ ನೋಡುತ್ತಾಳೆ. ಎಂಟನೇ ಫೋನನ್ನು ಎತ್ತಿಕೊಂಡು ಮೇಜು ಬಳಸಿ ಬಂದು, ಟೀಚರ ದಾರಿಗೆ ಅಡ್ಡವಾಗಿ ನಿಲ್ಲುತ್ತಾಳೆ. ಮ್ಯಾನೇಜರ್ ಅವಳ ಹೆಸರು ಹಿಡಿದು ಕರೆಯುತ್ತಾರೆ. ಅವಳು ಆ ಕಡೆ ನೋಡುವುದಿಲ್ಲ.

"ಅಕ್ಕಾ, ನಿಮಗೆ ಕಂಡಿದ್ದು ನಿಜ. ಅಮ್ಮನ್ನ ಅಲ್ಲಿ ಉಳಿಸಿದ್ದು ನಾನು."